ಮನದ ನೋವಿಗೆ ಮನೆಯ ಮಾತು: ಕನ್ನಡದ ಮನೋವಿಜ್ಞಾನ ಬರಹಗಳ ಒಂದು ವಿಮರ್ಶೆ

ಶರೀರಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಎದ್ದು ಓಡಾಡುತ್ತಾರೆ. ಮನಸ್ಸಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ಮೌನ ತಾಳುತ್ತಾರೆ. ಮಗಳ ಸಂಬಂಧ ತಪ್ಪೀತು, ಅಂಗಡಿಯ ಹೆಸರು ಕೆಟ್ಟೀತು, ನೆರೆಯವರು ನಕ್ಕಾರು ಎಂಬ ಅಂಜಿಕೆಯೇ ಈ ಮೌನಕ್ಕೆ ಕಾರಣ. ಇದನ್ನು ಮುರಿಯಲೆಂದೇ ಕನ್ನಡದಲ್ಲಿ ತಜ್ಞವೈದ್ಯರು ಬರೆದ ಒಂದು ಗ್ರಂಥಪರಂಪರೆ ಬೆಳೆದುಬಂದಿದೆ. ಕೋಪವನ್ನು ತಡೆಯುವುದು ಹೇಗೆ, ಚಿಂತೆಯನ್ನು ಹಗುರಮಾಡಿಕೊಳ್ಳುವುದು ಹೇಗೆ, ನಿದ್ರೆ ಬಾರದಿದ್ದರೆ ಏನು ಮಾಡಬೇಕು ಎಂಬ ನಿತ್ಯಜೀವನದ ಪ್ರಶ್ನೆಗಳಿಗೆ ಉತ್ತರ ಕೊಡುವ ಈ ಪುಸ್ತಕಗಳು ಸಾಹಿತ್ಯವಿಮರ್ಶೆಯ ಚಾವಡಿಗೆ ಬರುವುದು ಅಪರೂಪ. ಆದರೆ ಇವುಗಳ ಗುಣದೋಷಗಳನ್ನು ತೂಗಿ ನೋಡುವುದು ಅತ್ಯವಶ್ಯ. ಕೆಟ್ಟ ಕಾದಂಬರಿಯಿಂದ ಓದುಗನ ಒಂದು ಸಂಜೆ ವ್ಯರ್ಥವಾದೀತು. ಮನೋವ್ಯಾಧಿಯ ಕುರಿತ ಕೆಟ್ಟ ಸಲಹೆಯಿಂದ ಒಂದು ಸಂಸಾರವೇ ಕೆಡಬಹುದು.

ಈ ಪರಂಪರೆಯ ಹಿರಿಯರಲ್ಲಿ ಡಾ. ಎಂ. ಶಿವರಾಂ ಮುಖ್ಯರು. ವೃತ್ತಿಯಿಂದ ವೈದ್ಯರಾಗಿದ್ದ ಅವರು ‘ರಾಶಿ’ ಎಂಬ ಹೆಸರಿನಿಂದ ಹಾಸ್ಯಬರಹಗಳನ್ನು ಬರೆದರು. 1942ರಲ್ಲಿ ‘ಕೊರವಂಜಿ’ ಪತ್ರಿಕೆಯನ್ನು ಆರಂಭಿಸಿದರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಥೆ ಕಾವ್ಯಗಳಿಗೆ ಮೀಸಲೆಂದು ಅನೇಕರು ಭಾವಿಸಿದ್ದ ಗೌರವವು ಮನೋವೈದ್ಯಕೀಯದ ಒಂದು ಕೃತಿಗೆ ಸಂದದ್ದು ಕನ್ನಡಕ್ಕೆ ಹೆಮ್ಮೆಯ ಸಂಗತಿ. ಮನುಷ್ಯನ ಓರೆಕೋರೆಗಳನ್ನು ಕಂಡು ನಗಬಲ್ಲವರೇ ಅವನ ಮನದ ನೋವನ್ನೂ ಬರೆದರು ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಮುಂದಿನ ಪೀಳಿಗೆಯಲ್ಲಿ ಈ ಕಾರ್ಯವನ್ನು ವ್ರತದಂತೆ ನಡೆಸಿದವರು ಡಾ. ಸಿ. ಆರ್. ಚಂದ್ರಶೇಖರ್. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯರೂ ಪ್ರಾಧ್ಯಾಪಕರೂ ಆಗಿದ್ದ ಅವರು ಇನ್ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದಿದ್ದಾರೆ. ನಿವೃತ್ತಿಯ ಅನಂತರ ಬೆಂಗಳೂರಿನ ‘ಸಮಾಧಾನ’ ಆಪ್ತಸಲಹಾ ಕೇಂದ್ರದ ಮೂಲಕ ಉಚಿತವಾಗಿ ಸಲಹೆ ನೀಡುತ್ತ ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರ ಬರವಣಿಗೆಯಲ್ಲಿ ಅಲಂಕಾರವಿಲ್ಲ. ವಾಕ್ಯಗಳು ಚಿಕ್ಕವು, ಪಾರಿಭಾಷಿಕ ಪದಗಳು ವಿರಳ, ಪುಸ್ತಕಗಳ ಗಾತ್ರವೂ ಸಣ್ಣದು. ಇದನ್ನು ಶೈಲಿಯ ಬಡತನವೆಂದು ಭಾವಿಸಿದರೆ ತಪ್ಪಾದೀತು. ಆ ಶೈಲಿಯ ಹಿಂದೆ ಒಂದು ಅನುಭವವಿದೆ. ಆ ಅನುಭವದ ನೆಲ ನಮ್ಮ ಬಳ್ಳಾರಿ ಸೀಮೆಯೇ ಆಗಿದೆ.

1982ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡುವ ಪ್ರಯೋಗಕ್ಕೆ ನಿಮ್ಹಾನ್ಸ್ ಆಯ್ದುಕೊಂಡದ್ದು ಬಳ್ಳಾರಿಯನ್ನು. 1981ರ ಜನಗಣತಿಯಂತೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪ್ರದೇಶಗಳೆಲ್ಲ ಅಂದು ಬಳ್ಳಾರಿಯವೇ ಆಗಿದ್ದವು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದ ತಿರುಳು ಸರಳವಾದುದು. ಊರಿಗೊಬ್ಬ ಮನೋವೈದ್ಯನನ್ನು ತರುವುದು ಅಸಾಧ್ಯ. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡುವುದು, ಕೆಲವೇ ಅವಶ್ಯ ಔಷಧಗಳನ್ನು ಅಲ್ಲಿಯೇ ಒದಗಿಸುವುದು, ಕಠಿಣವಾದ ಪ್ರಕರಣಗಳನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದು. ಇಂತಹ ತರಬೇತಿಗೆ ಬೇಕಾದ ಕೈಪಿಡಿಗಳನ್ನು ಸಿದ್ಧಪಡಿಸಿದ ನಿಮ್ಹಾನ್ಸ್ ವೈದ್ಯರಲ್ಲಿ ಚಂದ್ರಶೇಖರ್ ಒಬ್ಬರು. ಬಳ್ಳಾರಿಯ ಮಾದರಿಯನ್ನೇ ಆಧರಿಸಿ 1996ರಲ್ಲಿ ದೇಶದ ಬೇರೆಡೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಕಾರ್ಯಕರ್ತೆಗೆ ಅರ್ಥವಾಗುವಂತೆ ವಿಷಯವನ್ನು ಹೇಳಲೇಬೇಕಾದ ಅನಿವಾರ್ಯತೆ ಈ ಬಗೆಯ ಗದ್ಯವನ್ನು ರೂಪಿಸಿತು ಎಂದರೆ ತಪ್ಪಾಗಲಾರದು.

ಹಾಗಾದರೆ ಇಂತಹ ಪುಸ್ತಕವನ್ನು ಅಳೆಯುವ ಒರೆಗಲ್ಲು ಯಾವುದು? ಕಾನಹೊಸಹಳ್ಳಿಯಂತಹ ಊರಿನ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿದೆ. ರೈತರಿಗೆ ಕೊಟ್ಟ ಉದ್ದರಿ ಹಿಂದಿರುಗಿಲ್ಲ. ಅಂಗಡಿಯ ಸಾಲ ಬೆಳೆದಿದೆ. ಅವನಿಗೆ ನಿದ್ರೆಯಿಲ್ಲ, ಹಸಿವಿಲ್ಲ, ಮಕ್ಕಳ ಮೇಲೆ ರೇಗುತ್ತಾನೆ. ಇವನ ಕೈಗೆ ಒಂದು ಪುಸ್ತಕ ಬಂದರೆ ಅದು ಎರಡು ಕೆಲಸಗಳನ್ನು ಮಾಡಬೇಕು. ತನ್ನ ಪ್ರಯತ್ನದಿಂದಲೇ ಹಗುರವಾಗುವ ದುಃಖಕ್ಕೆ ದಾರಿ ತೋರಿಸಬೇಕು. ತನ್ನ ಪ್ರಯತ್ನಕ್ಕೆ ಮೀರಿದ ಕಾಯಿಲೆಯನ್ನು ಗುರುತಿಸಿ ವೈದ್ಯನ ಬಾಗಿಲಿಗೆ ಕಳುಹಿಸಬೇಕು. ಈ ಎರಡರ ನಡುವಣ ಗಡಿಯನ್ನು ಸ್ಪಷ್ಟವಾಗಿ ಎಳೆದ ಪುಸ್ತಕವೇ ಒಳ್ಳೆಯ ಪುಸ್ತಕ.

ಮೊದಲನೆಯ ಕೆಲಸದಲ್ಲಿ ಆಧುನಿಕ ಸಂಶೋಧನೆ ಬೆಲೆಯುಳ್ಳ ತಿಳಿವಳಿಕೆಯನ್ನು ಕೊಟ್ಟಿದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಿಳಿಯ ಕರಡಿಯನ್ನು ಮಾತ್ರ ನೆನೆಯಬೇಡಿರೆಂದು ಹೇಳಿದಾಗ ಜನರ ಮನಸ್ಸಿಗೆ ಮತ್ತೆ ಮತ್ತೆ ಬಂದದ್ದು ಆ ಕರಡಿಯೇ; ತಡೆಯನ್ನು ತೆಗೆದ ಮೇಲೆ ಅದು ಇನ್ನೂ ಹೆಚ್ಚಾಗಿ ಬಂದಿತು. ‘ಆ ಯೋಚನೆಯನ್ನು ಬಿಟ್ಟುಬಿಡು’ ಎಂದು ಹಿರಿಯರು ಕೊಡುವ ಉಪದೇಶ ಏಕೆ ಫಲಿಸುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಚಿಂತೆಗೆ ದಿನದಲ್ಲಿ ಒಂದು ನಿಗದಿತ ವೇಳೆಯನ್ನಿಟ್ಟು, ಅದನ್ನು ಕಾಗದದ ಮೇಲೆ ಬರೆದು, ಮಾಡಬಹುದಾದುದನ್ನೂ ಮಾಡಲಾಗದುದನ್ನೂ ಬೇರ್ಪಡಿಸುವುದು ಹೆಚ್ಚು ಉಪಯುಕ್ತ. ಹಾಗೆಯೇ ಕೋಪವನ್ನು ಹೊರಹಾಕಿದರೆ ಅದು ಶಮನವಾಗುತ್ತದೆಂಬ ಜನಪ್ರಿಯ ನಂಬಿಕೆಯನ್ನು ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಗಳೆಯಿತು: ಸಿಟ್ಟು ಬರಿಸಿದವನನ್ನು ನೆನೆಯುತ್ತ ಮರಳಿನ ಚೀಲವನ್ನು ಗುದ್ದಿದವರ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕ್ರೋಧವನ್ನು ಕಷಾಯಗಳಲ್ಲಿ ಮೊದಲನೆಯದಾಗಿ ಎಣಿಸುವ ಸಮಾಜಕ್ಕೆ ಇದು ಅಚ್ಚರಿಯ ಮಾತಲ್ಲ. ಆದರೂ ಪರೀಕ್ಷಿಸಿ ಕಂಡುಕೊಂಡ ಮಾತೆಂಬುದರಿಂದ ಅದಕ್ಕೆ ಬೇರೊಂದು ಬಗೆಯ ಬಲವಿದೆ.

ಎರಡನೆಯ ಕೆಲಸದಲ್ಲಿಯೇ ಪುಸ್ತಕಗಳ ನಿಜವಾದ ಬೆಲೆ ಹೊರಬೀಳುತ್ತದೆ. ಎರಡು ವಾರಗಳಿಗೂ ಮಿಕ್ಕಿ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಮೊದಲು ಪ್ರಿಯವಾದುದರಲ್ಲಿ ಆಸಕ್ತಿ ಅಳಿಯುವುದು, ನಿದ್ರಾಹಾರಗಳು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಸಾವಿನ ಯೋಚನೆ — ಇವು ಕೂಡಿಬಂದಾಗ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಔಷಧದ ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕು. ನಾಲ್ಕು ದಿನ ನುಂಗಿ ‘ಗುಣವಿಲ್ಲ’ ಎಂದು ಬಿಡುವುದು ಸರಿಯಲ್ಲ. ಸಾವಿನ ಯೋಚನೆ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತೆ ಆಗುವುದಿಲ್ಲ, ಕೇಳದಿರುವುದೇ ಅಪಾಯ. ಈ ಮಾತುಗಳನ್ನು ಹೇಳಲು ತಜ್ಞರ ಅನುಭವ ಬೇಕು.

ಇದೇ ಕಪಾಟಿನಲ್ಲಿ ಇನ್ನೊಂದು ಜಾತಿಯ ಪುಸ್ತಕಗಳೂ ಕುಳಿತಿವೆ. ವ್ಯಕ್ತಿತ್ವವಿಕಸನ, ಯಶಸ್ಸಿನ ಸೂತ್ರ, ಧನಾತ್ಮಕ ಚಿಂತನೆ ಎಂಬ ಹೆಸರಿನ ಇವು ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯವೆಂದು ಸಾರುತ್ತವೆ. ಕೇಳಲು ಇಂಪಾದ ಈ ಮಾತಿನ ಒಡಲಲ್ಲಿ ಒಂದು ಕ್ರೌರ್ಯವಿದೆ. ಎಲ್ಲವೂ ಮನಸ್ಸಿನಿಂದಲೇ ಆಗುವುದಾದರೆ, ಏಳಲಾರದವನು ಮನಸ್ಸು ಮಾಡಲಿಲ್ಲವೆಂದೇ ಅರ್ಥವಾಯಿತು. ಮೊದಲೇ ಕುಗ್ಗಿದವನ ತಲೆಯ ಮೇಲೆ ಅಪರಾಧದ ಭಾರವೂ ಬಿದ್ದಂತಾಯಿತು. ಮಳೆಯಿಲ್ಲದ ವರ್ಷದ ಸಾಲವನ್ನು ಮುಗುಳ್ನಗೆ ತೀರಿಸಲಾರದು. ಇಂತಹ ಗ್ರಂಥಗಳನ್ನು ತಜ್ಞರ ಬರಹಗಳೊಡನೆ ಒಂದೇ ಸಾಲಿನಲ್ಲಿ ಇಡುವುದು ಸಲ್ಲದು.

ತಜ್ಞರ ಬರಹಗಳೂ ದೋಷರಹಿತವೇನಲ್ಲ. ಲಕ್ಷಣಗಳ ಪಟ್ಟಿಯನ್ನು ಓದಿದ ಕೆಲವರು ಎಲ್ಲ ಲಕ್ಷಣಗಳನ್ನೂ ತಮ್ಮಲ್ಲಿಯೇ ಕಂಡು ಬೆದರುತ್ತಾರೆ. ಪ್ರಶ್ನೋತ್ತರದ ಚೌಕಟ್ಟಿನಲ್ಲಿ ನಾಲ್ಕು ಸಾಲಿನ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ದೊರೆಯುತ್ತದೆಯೇ ಹೊರತು ಸೊಸೆಯ ಕಣ್ಣೀರಿನ ಹಿಂದಿರುವ ಮನೆಯ ನ್ಯಾಯಾನ್ಯಾಯ ಗೋಚರವಾಗುವುದಿಲ್ಲ. ಸಹನೆಯನ್ನು ಬೋಧಿಸುವಾಗ ಯಾರು ಯಾರನ್ನು ಸಹಿಸಬೇಕೆಂಬ ಪ್ರಶ್ನೆಯನ್ನೂ ಎತ್ತಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಖಿನ್ನನಾದವನಿಗೆ ಪುಸ್ತಕ ತೆರೆಯುವ ಶಕ್ತಿಯೇ ಇರುವುದಿಲ್ಲ. ಆದುದರಿಂದ ಇಂತಹ ಪುಸ್ತಕವನ್ನು ಮೊದಲು ಓದಬೇಕಾದವರು ರೋಗಿಯ ಪಕ್ಕದಲ್ಲಿ ಇರುವವರು. ಬಳ್ಳಾರಿಯ ಪ್ರಯೋಗ ಕಲಿಸಿದ ಪಾಠವೂ ಇದೇ: ತಿಳಿವಳಿಕೆ ಕಾಗದದಲ್ಲಿದ್ದರೆ ಸಾಲದು, ನಡೆದುಬರುವ ಒಬ್ಬ ವ್ಯಕ್ತಿಯಲ್ಲಿ ನೆಲೆಸಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಬಹುತೇಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಬಳ್ಳಾರಿಯ ಪ್ರಯೋಗ ನಡೆದು ಕಾಲು ಶತಮಾನ ಕಳೆದಿದ್ದರೂ ಸ್ಥಿತಿ ಹೀಗಿತ್ತೆಂಬುದು ಚಿಂತಿಸಬೇಕಾದ ವಿಷಯ.

ಶ್ರಾವಕ ಕುಟುಂಬಗಳ ಮಟ್ಟಿಗೆ ಇನ್ನೆರಡು ಮಾತುಗಳು ಅವಶ್ಯ. ತತ್ತ್ವಾರ್ಥಸೂತ್ರವು ಧ್ಯಾನವನ್ನು ವಿಂಗಡಿಸುವಾಗ ಆರ್ತಧ್ಯಾನವನ್ನು ಹೇಳುತ್ತದೆ. ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ಮುಂದಿನ ಭೋಗದ ಹಂಬಲ — ಈ ನಾಲ್ಕನ್ನು ಕುರಿತು ಮನಸ್ಸು ಬಿಡದೆ ಸುತ್ತುವ ಸ್ಥಿತಿಯದು. ಚಿಂತೆಯ ಸುಳಿಯನ್ನು ಕುರಿತು ಇಂದಿನ ಮನಶ್ಶಾಸ್ತ್ರ ಹೇಳುವುದಕ್ಕೂ ಇದಕ್ಕೂ ಹೋಲಿಕೆಯಿದೆ. ಆದರೆ ಈ ಹೋಲಿಕೆಯನ್ನು ಅತಿಯಾಗಿ ಎಳೆದು, ಖಿನ್ನತೆಯೆಲ್ಲ ಆರ್ತಧ್ಯಾನವೆಂದೂ ಅಶುಭಕರ್ಮದ ಉದಯವೆಂದೂ ಹೇಳಿ ವೈದ್ಯನನ್ನು ದೂರವಿಡುವುದು ಯುಕ್ತವಲ್ಲ. ಮಧುಮೇಹಕ್ಕೂ ಎಲುಬು ಮುರಿತಕ್ಕೂ ಅಸಾತಾವೇದನೀಯವೇ ಕಾರಣವೆಂದು ನಂಬುವ ಮನೆಯೂ ಅವುಗಳಿಗೆ ಔಷಧ ಕೊಡಿಸದೆ ಇರುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಬೇರೆ ನ್ಯಾಯ ಏಕೆ? ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯೊಡನೆ ಸಮಾನವಾಗಿ ಕಾಣಬೇಕೆಂಬುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ ಎತ್ತಿಹಿಡಿದಿದೆ.

ಎರಡನೆಯದು ಆಚಾರಕ್ಕೆ ಸಂಬಂಧಿಸಿದ್ದು. ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕವು ರಾತ್ರಿಭೋಜನತ್ಯಾಗವನ್ನೂ ನಿರ್ಜಲ ಉಪವಾಸವನ್ನೂ ಪಾಲಿಸುವ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕೆಂದು ನಿರೀಕ್ಷಿಸಲಾಗದು. ಮನೋವೈದ್ಯರು ಕೊಡುವ ಕೆಲವು ಮಾತ್ರೆಗಳನ್ನು ಮಲಗುವ ಮುನ್ನ ಸೇವಿಸಬೇಕಾಗುತ್ತದೆ. ಲಿಥಿಯಂ ಸೇವಿಸುವವರು ನೀರಿಲ್ಲದೆ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯವುಂಟಾಗಬಹುದು. ಪರ್ವದಿನಗಳಲ್ಲಿ ಯಾರಿಗೂ ಹೇಳದೆ ಔಷಧ ನಿಲ್ಲಿಸುವುದಕ್ಕಿಂತ, ವ್ರತದ ವಿಷಯವನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಿ, ವೇಳೆಯನ್ನು ಬದಲಿಸಬಹುದೇ ಎಂದು ಕೇಳುವುದು ವಿವೇಕ. ಶಕ್ತಿಗನುಸಾರವಾದ ತಪಸ್ಸೆಂಬುದು ಧರ್ಮದ ಮಾತೇ ಆಗಿದೆ.

ಇನ್ನು ಬಸದಿಯ ಟ್ರಸ್ಟುಗಳ ಕರ್ತವ್ಯ. ಹಗರಿಬೊಮ್ಮನಹಳ್ಳಿ ಸೀಮೆಯ ಕೋಗಳಿಯಲ್ಲಿ ಪುರಾತನವಾದ ಬಸದಿಯಿದೆ. ಇಂತಹ ಬಸದಿಗಳಿಗೆ ದಾನವಿತ್ತವರ ಹೆಸರುಗಳನ್ನು ಶಾಸನಗಳು ಕಾಪಾಡಿಕೊಂಡು ಬಂದಿವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಪರಂಪರೆ ಈ ನೆಲಕ್ಕೆ ಹೊಸತಲ್ಲ. ಮನೋವ್ಯಾಧಿಯಿಂದ ಬಳಲುವವನಿಗೆ ಇವುಗಳಲ್ಲಿ ಮೂರು ನೇರವಾಗಿ ಅನ್ವಯಿಸುತ್ತವೆ. ಔಷಧದ ವೆಚ್ಚಕ್ಕೂ ಜಿಲ್ಲಾಸ್ಪತ್ರೆಗೆ ಹೋಗಿಬರುವ ಬಸ್ಸಿನ ವೆಚ್ಚಕ್ಕೂ ನೆರವಾಗುವುದು ಔಷಧದಾನ. ತಜ್ಞರು ಬರೆದ ಹತ್ತಾರು ಪುಸ್ತಕಗಳನ್ನು ಆರಿಸಿ ಬಸದಿಯ ವಾಚನಾಲಯದಲ್ಲಿಡುವುದನ್ನು ಶಾಸ್ತ್ರದಾನದ ಸಾಲಿಗೆ ಸೇರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416 ಎಂಬುದನ್ನು ಸೂಚನಾಫಲಕದಲ್ಲಿ ಬರೆಸಲು ಖರ್ಚೇ ಇಲ್ಲ. ಆದರೆ ಎಲ್ಲಕ್ಕಿಂತ ಕಠಿಣವಾದುದು ಅಭಯದಾನ: ‘ಇಲ್ಲಿ ಹೇಳಿಕೊಂಡರೆ ಊರಿಗೆ ಹರಡುವುದಿಲ್ಲ, ಸಂಬಂಧ ಮುರಿಯುವುದಿಲ್ಲ’ ಎಂಬ ಭರವಸೆ.

ಆ ಭರವಸೆಯನ್ನು ಯಾವ ಪುಸ್ತಕವೂ ಕೊಡಲಾರದು. ಕನ್ನಡದ ಮನೋವೈದ್ಯರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಮಾತನ್ನು ಸರಳಗೊಳಿಸಿದ್ದಾರೆ, ದಾರಿಯನ್ನು ತೋರಿಸಿದ್ದಾರೆ. ಉಳಿದ ಕೆಲಸ ಓದಿದವರದು. ಕಾನಹೊಸಹಳ್ಳಿಯ ಆ ಗೃಹಸ್ಥನು ಒಂದು ಸಂಜೆ ಅಂಗಡಿಯ ಬಾಗಿಲು ಹಾಕಿ ಬಂದು ‘ನನಗೆ ಯಾಕೋ ಬದುಕು ಬೇಡವಾಗಿದೆ’ ಎಂದು ಹೇಳಿದಾಗ ಉಪದೇಶಕ್ಕೆ ತೊಡಗದೆ ಪಕ್ಕದಲ್ಲಿ ಕುಳಿತು ಕೇಳಿ, ಮರುದಿನ ಅವನೊಡನೆ ಆಸ್ಪತ್ರೆಯವರೆಗೂ ಹೋಗುವ ಒಬ್ಬರಾದರೂ ಮನೆಯಲ್ಲಿದ್ದರೆ ಆ ಪುಸ್ತಕಗಳು ಸಾರ್ಥಕವಾದಂತೆ.