ಪ್ರಣಯಹಾಸ್ಯಚಿತ್ರದಲ್ಲಿ ನಗ್ನತೆಯ ಔಚಿತ್ಯ

ನಾಟ್ಯವನ್ನು ತಂದೆ ಮಕ್ಕಳು, ಅತ್ತೆ ಸೊಸೆಯರು ಒಡನೆ ಕುಳಿತು ನೋಡುವರಾದುದರಿಂದ ಶಯನಚುಂಬನಾದಿಗಳು ರಂಗದಲ್ಲಿ ಕೂಡವೆಂದು ಭರತಮುನಿಯು ನಿಷೇಧಿಸಿರುವನು. ಹೀಗಿರಲು, ನಾಯಕನು ವಿವಸ್ತ್ರನಾಗಿ ನಿಲ್ಲುವ ಚಲಚ್ಚಿತ್ರವು ಸಮರ್ಥನೀಯವೆ? 2008ರಲ್ಲಿ ಅಮೆರಿಕೆಯಲ್ಲಿ ತೆರೆಕಂಡ 'ಫರ್ಗೆಟಿಂಗ್ ಸಾರಾ ಮಾರ್ಷಲ್' ಎಂಬುದೇ ಪ್ರಕೃತ ವಿಚಾರಕ್ಕೆ ವಿಷಯ. ನಿರ್ದೇಶಕರು ನಿಕೊಲಸ್ ಸ್ಟಾಲರ್. ಕಥೆಯನ್ನು ಬರೆದು ನಾಯಕ ಪೀಟರನಾಗಿ ಅಭಿನಯಿಸಿದವರು ಜೇಸನ್ ಸೀಗಲ್.

ಆರಂಭದಲ್ಲಿ ಪೀಟರನು ಮೈಮೇಲೆ ಬಟ್ಟೆಯಿಲ್ಲದೆ ನಿಂತಿರುವಾಗಲೇ ಪ್ರೇಯಸಿ ಸಾರಾ ಅಗಲಿಕೆಯ ಮಾತನ್ನಾಡುವಳು. ಉಡುಪನ್ನು ಧರಿಸೆಂದರೂ ಅವನು ಒಪ್ಪನು. ಉಟ್ಟೊಡನೆ ಸಂಬಂಧವು ಮುಗಿದಂತೆಯೇ ಎಂಬುದು ಅವನ ಭೀತಿ. ಇದು ಶೃಂಗಾರಚೇಷ್ಟೆಯಲ್ಲ, ಅಸಹಾಯತೆಯ ಅನುಭಾವ. ಪ್ರೇಕ್ಷಕನು ನಗುವನು, ಆದರೆ ಆ ನಗೆಯೊಳಗೆ ಕರುಣವು ಅಡಗಿರುವುದು.

ಅಂತ್ಯದಲ್ಲಿ, ತಾನು ರಚಿಸಿದ ಡ್ರಾಕುಲಾ ಗೊಂಬೆಯಾಟವು ಮುಗಿದ ಬಳಿಕ ನೇಪಥ್ಯದ ಕೊಠಡಿಯಲ್ಲಿ ಅವನು ಬಟ್ಟೆ ಬದಲಿಸುತ್ತಿರಲು, ಹವಾಯಿಯಲ್ಲಿ ಪರಿಚಿತಳಾದ ರೇಚಲ್ ಪ್ರವೇಶಿಸುವಳು. ಅದೇ ನಗ್ನತೆ, ಆದರೆ ಈಗ ಅವನು ತ್ಯಕ್ತನಲ್ಲ, ಸ್ವೀಕೃತನು. ಉಪಕ್ರಮೋಪಸಂಹಾರಗಳ ಐಕರೂಪ್ಯವು ತಾತ್ಪರ್ಯನಿರ್ಣಯಕ್ಕೆ ಮೊದಲನೆಯ ಲಿಂಗವೆಂದು ಮೀಮಾಂಸಕರು ಹೇಳುವರಷ್ಟೆ. ಈ ಎರಡೆಡೆಗಳಲ್ಲಿ ನಾಯಕನಿಗೆ ವಸ್ತ್ರವನ್ನು ಹೊದಿಸಿದರೆ ಅವನು ಪಡೆದ ಪರಿಣಾಮವೇ ಮರೆಯಾಗುವುದು.

ಮಧ್ಯದ ಶಯ್ಯಾದೃಶ್ಯಗಳಿಗೆ ಈ ಸಮರ್ಥನೆಯು ಸಲ್ಲದು. ಅವುಗಳಲ್ಲಿ ಕೆಲವನ್ನು ತೆಗೆದರೂ ಕಥೆಗೆ ಹಾನಿಯಿಲ್ಲ. ಭರತನ ನಿಷೇಧವು ಅಲ್ಲಿ ಇಂದಿಗೂ ಸಾರ್ಥಕವೇ. ಆದುದರಿಂದ ಮೈ ಎಷ್ಟು ಮುಚ್ಚಿದೆ ಎಂಬುದು ವಿಮರ್ಶಕನ ಪ್ರಶ್ನೆಯಲ್ಲ. ಮುಚ್ಚಿದರೆ ಕಥೆಗೆ ಏನು ನಷ್ಟವೆಂಬುದೇ ಪ್ರಶ್ನೆ. ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಪ್ರತಿಪಾದಿಸಿದ ಔಚಿತ್ಯವು ಈ ನೂತನಕಲೆಗೂ ಸಾಕಾದ ಅಳತೆಗೋಲೆಂದು ನನ್ನ ಮತ. ಸಹೃದಯರು ಪರಾಮರ್ಶಿಸಲಿ.