ಹಗುರ ಹುಡುಗಿ, ಭಾರದ ಸೈಕಲ್

ಹೈಸ್ಕೂಲಿಗೆ ಹೋಗುವ ಹುಡುಗಿಗೆ ಸೈಕಲ್ ಕೊಡಿಸುವಾಗ ನಮ್ಮ ಕಡೆ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಮೂರೇ. ಲೇಡೀಸ್ ಸೈಕಲ್ ಇದೆಯೇ? ಕೂತರೆ ಕಾಲು ನೆಲಕ್ಕೆ ಮುಟ್ಟುತ್ತದೆಯೇ? ಬೆಲೆ ಎಷ್ಟು? ತುಳಿಯುವವಳ ತೂಕ ಎಷ್ಟು ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಈ ರೂಢಿಯ ಮೇಲೆ. ಮೊದಲು ನೋಡಬೇಕಾದದ್ದು ಹುಡುಗಿಯ ತೂಕ, ಆಮೇಲೆ ಕಾಲಿನ ಉದ್ದ. ಫ್ರೇಮಿನ ಆಕಾರ, ಬಣ್ಣ, ಮುಂದಿನ ಬುಟ್ಟಿ ಎಲ್ಲ ಅದರ ನಂತರದ ಮಾತು.

ವಿಜಯಪುರ ಜಿಲ್ಲೆಯಲ್ಲಿ ಈ ರೂಢಿ ಇನ್ನೂ ಉಳಿದಿರುವುದು ನನಗೆ ಹೆಚ್ಚು ನೋವು ಕೊಡುತ್ತದೆ. ಕರ್ನಾಟಕದ ಸೈಕ್ಲಿಂಗ್ ತಂಡದ ಪಟ್ಟಿ ತೆಗೆದು ನೋಡಿದರೆ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಮಕ್ಕಳೇ ಎದ್ದು ಕಾಣುತ್ತಾರೆ. ಒಕ್ಕಲುತನದ ಮನೆಗಳಿಂದ ಬಂದ ಹುಡುಗಿಯರು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಕ್ರೀಡಾ ಇಲಾಖೆಯ ವಸತಿ ನಿಲಯದಲ್ಲಿ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯಲ್ಲಿ ಸೀಟಿನ ಎತ್ತರವನ್ನು ಅಳತೆಪಟ್ಟಿ ಹಿಡಿದು ಕೂಡಿಸುತ್ತಾರೆ. ಆ ತಿಳಿವಳಿಕೆ ನಿಲಯದ ಕಂಪೌಂಡು ದಾಟಿ ಟಿಕೋಟಾದ ಸೈಕಲ್ ಅಂಗಡಿಗೆ, ಅಲ್ಲಿಂದ ಕಳ್ಳಕವಟಗಿಯ ತೋಟದ ವಸ್ತಿಗೆ ಬಂದು ಮುಟ್ಟಿಲ್ಲ.

ಟಿಕೋಟಾ ತಾಲ್ಲೂಕು ದ್ರಾಕ್ಷಿಯ ಸೀಮೆ. ಇಲ್ಲಿ ಅನೇಕ ಕುಟುಂಬಗಳು ಊರೊಳಗೆ ಇರುವುದಿಲ್ಲ, ತೋಟದಲ್ಲೇ ವಸ್ತಿ ಮಾಡಿರುತ್ತವೆ. ಅಲ್ಲಿಂದ ಶಾಲೆಗೆ ಬರುವ ದಾರಿಯಲ್ಲಿ ಒಂದಿಷ್ಟು ಮಡ್ಡಿಯ ಕಲ್ಲುನೆಲ, ಒಂದಿಷ್ಟು ಎರೆ ಹೊಲದ ಬದು, ಕೊನೆಗೆ ಡಾಂಬರು. ಮಳೆ ಬಿದ್ದ ಮರುದಿನ ಎರೆಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಆಷಾಢದಲ್ಲಿ ಗಾಳಿ. ಬಯಲುಸೀಮೆ ಸಮತಟ್ಟಾದದ್ದು, ಸೈಕಲ್ಲಿಗೆ ಸುಲಭ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಹಗುರ ಮೈಯವರಿಗೆ ಏರಿಗಿಂತ ಎದುರುಗಾಳಿ ಕಷ್ಟ. ಏರಿನಲ್ಲಿ ಕಡಿಮೆ ತೂಕ ಸಹಾಯಕ್ಕೆ ಬರುತ್ತದೆ. ಎದುರುಗಾಳಿಯಲ್ಲಿ ಹಾಗಲ್ಲ: ದೇಹ ಚಿಕ್ಕದಾದಷ್ಟೂ ಕಾಲಿನ ಬಲ ಕಡಿಮೆಯಾಗುತ್ತದೆ, ಗಾಳಿಗೆ ಒಡ್ಡಿದ ಮೈ ಮಾತ್ರ ಅಷ್ಟರಮಟ್ಟಿಗೆ ಕಡಿಮೆಯಾಗುವುದಿಲ್ಲ. ಎತ್ತರದ ಅಗಲ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತ ಹುಡುಗಿ ಆ ಗಾಳಿಯನ್ನೆಲ್ಲ ಎದೆಗೆ ತೆಗೆದುಕೊಳ್ಳುತ್ತಾಳೆ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಕಬ್ಬಿಣದ ಸೈಕಲ್ ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಸೇರಿ 18ರಿಂದ 20 ಕಿಲೊ ತೂಗುತ್ತದೆ. ಎಂಟನೇ ಇಯತ್ತೆಯ ಹುಡುಗಿ 38-40 ಕಿಲೊ ಇದ್ದಾಳೆ ಎನ್ನೋಣ. ಅವಳ ವಾಹನ ಅವಳ ಅರ್ಧ ತೂಕದ್ದು. ಅದೇ ಸೈಕಲ್ಲನ್ನು 75 ಕಿಲೊ ತೂಕದ ಅಪ್ಪ ತುಳಿದರೆ ಅದು ಅವನ ಕಾಲು ಭಾಗಕ್ಕಿಂತ ಸ್ವಲ್ಪವಷ್ಟೇ ಹೆಚ್ಚು. ಅಂಗಡಿಯ ಮುಂದೆ ಒಂದು ಸುತ್ತು ಹಾಕಿ ‘ಭಾಳ ಹಗುರ ಐತಿ’ ಎಂದು ತೀರ್ಪು ಕೊಡುವವನು ಸಾಮಾನ್ಯವಾಗಿ ಅಪ್ಪ ಅಥವಾ ಅಣ್ಣ. ಆ ತೀರ್ಪು ಅವರ ಕಾಲಿಗೆ ನಿಜ, ಹುಡುಗಿಯ ಕಾಲಿಗಲ್ಲ.

ಸರ್ಕಾರದ ಉಚಿತ ಸೈಕಲ್ ಯೋಜನೆಯನ್ನೂ ಇದೇ ಅಳತೆಯಿಂದ ನೋಡಬೇಕು. 2006-07ರಲ್ಲಿ ಆರಂಭವಾಗಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟ ಆ ಯೋಜನೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮಟ್ಟಿಗೆ ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ. ಬೆಳಿಗ್ಗೆ ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಬರುವುದು ಹಳ್ಳಿಯ ದಾರಿಯ ನೋಟವನ್ನೇ ಬದಲಿಸಿತು. ಬಿಹಾರದಲ್ಲಿ ಅದೇ 2006ರಲ್ಲಿ ಹುಡುಗಿಯರಿಗಾಗಿ ಇಂಥದೇ ಯೋಜನೆ ಬಂದಿತ್ತು. ಅಲ್ಲಿ ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ತೋರಿಸಿದೆ. ಸೈಕಲ್ ಕೊಡಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ಮುಗಿಯಬೇಕು. ಆದರೆ ಎರಡೂ ಕಡೆಯ ಕ್ರಮದಲ್ಲಿ ಒಂದು ವ್ಯತ್ಯಾಸವಿತ್ತು. ಬಿಹಾರ ಹಣ ಕೊಟ್ಟಿತು, ಮನೆಯವರು ಅಂಗಡಿಗೆ ಹೋಗಿ ಸೈಕಲ್ ಆರಿಸಿದರು. ಕರ್ನಾಟಕ ಸೈಕಲ್ಲನ್ನೇ ತಂದು ಶಾಲೆಯ ಅಂಗಳದಲ್ಲಿ ಇಳಿಸಿತು. ಹುಡುಗರಿಗೆ ಒಂದು ನಮೂನೆ, ಹುಡುಗಿಯರಿಗೆ ಒಂದು ನಮೂನೆ. ಒಂದೇ ವರ್ಗದಲ್ಲಿ ನಾಲ್ಕೂವರೆ ಅಡಿಯವಳೂ ಐದೂಕಾಲು ಅಡಿಯವಳೂ ಇರುತ್ತಾರೆ ಎಂಬುದು ಪ್ರತಿ ಶಿಕ್ಷಕರಿಗೂ ಗೊತ್ತಿತ್ತು, ಟೆಂಡರಿನ ಕಾಗದಕ್ಕೆ ಗೊತ್ತಿರಲಿಲ್ಲ. ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಮತ್ತೆ ಬರಲಿ ಎಂಬುದು ನನ್ನ ಆಸೆ, ಆದರೆ ಹಳೆಯ ನಮೂನೆಯಲ್ಲಿ ಅಲ್ಲ.

ದಂಡಿ ಇಲ್ಲದ ತಗ್ಗು ಫ್ರೇಮಿನ ಬಗ್ಗೆ ನನ್ನ ದೂರಿಲ್ಲ. 19ನೇ ಶತಮಾನದ ಕೊನೆಗೆ ಯುರೋಪು, ಅಮೆರಿಕದ ಹೆಂಗಸರ ಉದ್ದ ಲಂಗಕ್ಕಾಗಿ ಹುಟ್ಟಿದ ಆಕಾರ ಅದು. ಚೂಡಿದಾರ ತೊಟ್ಟ ಹುಡುಗಿಗೆ ಆ ಕಾರಣ ಉಳಿದಿಲ್ಲವಾದರೂ, ಕುಳ್ಳಗಿರುವವಳಿಗೆ ಹತ್ತಲು ಇಳಿಯಲು, ಎರೆಯಲ್ಲಿ ಗಾಲಿ ಸಿಕ್ಕಾಗ ಥಟ್ಟನೆ ಕಾಲು ಕೊಡಲು ಅದು ಅನುಕೂಲ. ಮೇಲಿನ ದಂಡಿ ಇಲ್ಲದ ಕಾರಣ ಗಟ್ಟಿತನಕ್ಕಾಗಿ ಉಳಿದ ಪೈಪುಗಳನ್ನು ದಪ್ಪ ಮಾಡುತ್ತಾರೆ, ತೂಕ ಏರುತ್ತದೆ. ಹಗುರದವಳಿಗೆ ಬೇಕಾದದ್ದು ಎಂದು ಮಾರುವ ಸೈಕಲ್ಲೇ ಹೀಗೆ ಹೆಚ್ಚು ಭಾರವಾಗುತ್ತದೆ.

ನಿಜವಾದ ತೊಂದರೆ ಹಲ್ಲಿನಲ್ಲಿದೆ. ಗೇರಿಲ್ಲದ ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ಹೋಗುತ್ತದೆ. ದೊಡ್ಡವರಿಗೆ ಅದು ಹದ. 40 ಕಿಲೊದ ಹುಡುಗಿ ಎದುರುಗಾಳಿಯಲ್ಲಿ ಪೆಡಲಿನ ಮೇಲೆ ಎದ್ದು ನಿಂತು, ಮೈ ಅತ್ತಿತ್ತ ಹೊಯ್ದಾಡಿಸಿ ತುಳಿಯುವುದನ್ನು ನೋಡಿ ‘ಅವಳಿಗೆ ಶಕ್ತಿ ಸಾಲದು’ ಎನ್ನುತ್ತೇವೆ. ಶಕ್ತಿ ಸಾಕಷ್ಟಿದೆ, ಹಲ್ಲಿನ ಲೆಕ್ಕ ಅವಳದ್ದಲ್ಲ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಗಾಲಿ ಎರಡೇ ಸುತ್ತು ಹೋಗುತ್ತದೆ. ವೇಗ ತುಸು ಕಡಿಮೆಯಾಗುತ್ತದೆ, ತುಳಿತ ಹಗುರವಾಗುತ್ತದೆ, ಮೊಣಕಾಲಿನ ಮೇಲಿನ ಒತ್ತಡ ಇಳಿಯುತ್ತದೆ. ಸೈಕಲ್ ರಿಪೇರಿಯವರಿಗೆ ಇದು ಅರ್ಧ ಗಂಟೆಯ ಕೆಲಸ, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಹೊಸ ಸೈಕಲ್ ಕೊಳ್ಳುವ ಶಕ್ತಿ ಇಲ್ಲದ ಮನೆಯವರೂ ಈ ಒಂದು ಬದಲಾವಣೆ ಮಾಡಿಸಬಹುದು. ನಾನು ಹೇಳುವ ಎಲ್ಲದರಲ್ಲಿ ಮೊದಲು ಮಾಡಬೇಕಾದದ್ದು ಇದು.

ಎರಡನೆಯದು ಸೀಟು. ಬೀಳಬಾರದೆಂದು ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸುತ್ತಾರೆ. ಕಲಿಯುವ ಮೊದಲ ವಾರಕ್ಕೆ ಅದು ಸರಿ. ಕಲಿತಾದ ಮೇಲೂ ವರ್ಷಗಟ್ಟಲೆ ಅದೇ ಎತ್ತರದಲ್ಲಿ ಬಿಡುವುದು ತಪ್ಪು. ಮೊಣಕಾಲು ಎದೆಯ ಹತ್ತಿರ ಬಂದು ಹೋಗುವಂತೆ ತುಳಿದರೆ ತೊಡೆಯ ಬಲ ವ್ಯರ್ಥವಾಗುತ್ತದೆ. ಸರಿಯಾದ ಎತ್ತರ ತಿಳಿಯಲು ಯಂತ್ರ ಬೇಕಿಲ್ಲ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಟ್ಟರೆ ಮೊಣಕಾಲು ತುಸು ಬಾಗಿರಬೇಕು. ಆಗ ನಿಂತಾಗ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತದೆ. ಸೈಕಲ್ ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ಅವ್ವಂದಿರಿಗೂ ತೋರಿಸಿಕೊಟ್ಟರೆ ಅವರ ಹೆದರಿಕೆ ಹೋಗುತ್ತದೆ. ದೊಡ್ಡವರ ಸೈಕಲ್ಲಿನ ಪೆಡಲ್ ಕೋಲು ಬಹುಮಟ್ಟಿಗೆ 170 ಮಿ.ಮೀ. ಉದ್ದದ್ದು. ಕುಳ್ಳಗಿನ ಹುಡುಗಿಗೆ ಅದೂ ಉದ್ದವಾಯಿತು. ಬ್ರೇಕಿನ ಹಿಡಿಕೆಯೂ ಅಷ್ಟೆ: ತಂತಿ ಬ್ರೇಕಿನ ಹಿಡಿಕೆಯಲ್ಲಿ ಅದನ್ನು ಹತ್ತಿರ ತರುವ ಸ್ಕ್ರೂ ಇದ್ದರೆ ಸಣ್ಣ ಕೈಗೆ ಸಿಗುವಂತೆ ಮಾಡಬಹುದು, ಹಳೆಯ ಕಂಬಿ ಬ್ರೇಕಿನಲ್ಲಿ ಆ ಅವಕಾಶವಿಲ್ಲ.

ಗಾಳಿ ತುಂಬಿಸುವಾಗಲೂ ತೂಕ ಮರೆಯುತ್ತೇವೆ. ಗ್ಯಾರೇಜಿನ ಕಂಪ್ರೆಸರಿನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿಸಿಕೊಂಡ ಟಯರು ಹಗುರದವಳನ್ನು ಮಡ್ಡಿಯ ಮೇಲೆ ಕುಟ್ಟಿಹಾಕುತ್ತದೆ.

ಈಗ ಹುಡುಗಿಯರು ಆಸೆಪಡುವುದು 21 ಗೇರಿನ, ಹಿಂದೆ ಮುಂದೆ ಶಾಕಪ್ ಇರುವ ದಪ್ಪ ಟಯರಿನ ಸೈಕಲ್. ಆಸೆ ತಪ್ಪಲ್ಲ, ಗೇರು ನಿಜಕ್ಕೂ ಉಪಕಾರಿ. ಆದರೆ ಅಗ್ಗದ ಶಾಕಪ್ಪಿನ ಸ್ಪ್ರಿಂಗನ್ನು ದೊಡ್ಡವರ ಭಾರಕ್ಕೆ ಕೂಡಿಸಿರುತ್ತಾರೆ. 40 ಕಿಲೊ ಕೂತರೆ ಅದು ಒತ್ತಿಕೊಳ್ಳುವುದೇ ಇಲ್ಲ. ಒತ್ತಿಕೊಳ್ಳದ ಶಾಕಪ್ ಎಂದರೆ ಸುಮ್ಮನೆ ಹೊರುವ ಒಂದೆರಡು ಕಿಲೊ ಕಬ್ಬಿಣ. ಹಗುರ ಹುಡುಗಿಗೆ ಅಂಗಡಿಯಲ್ಲಿರುವ ಅತ್ಯಂತ ಕೆಟ್ಟ ಆಯ್ಕೆ ಇದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಶಾಕಪ್ ಇಲ್ಲದ, ಸಾದಾ ಫೋರ್ಕಿನ, ಹಿಂದೆ ಆರೇಳು ಗೇರಿರುವ ಸಣ್ಣ ಫ್ರೇಮಿನ ಸೈಕಲ್ ಇದಕ್ಕಿಂತ ಬಹಳ ಮೇಲು.

ತೂಕ ನೋಡಿ ಸಲಕರಣೆ ಆರಿಸುವ ವಿಚಾರ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಬಿಸಿಲ ಜಿಲ್ಲೆಯಲ್ಲಿ ಕೂತು ಸ್ಕೀ ಮಾತೇಕೆ ಎನ್ನಬೇಡಿ. ಹಿಮ ಬೀಳದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಪದಕ ಗೆದ್ದು, ಕ್ರಾಸ್‌ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತದ ಪರ ಸ್ಪರ್ಧಿಸಿದ್ದಾರೆ. ಆ ಆಟದ ಸಾಂಪ್ರದಾಯಿಕ ಶೈಲಿಯ ಹಲಗೆ ನಡುವೆ ಕಮಾನಾಗಿ ಮೇಲೆದ್ದಿರುತ್ತದೆ. ಎರಡೂ ಹಲಗೆಗಳ ಮೇಲೆ ಸಮ ಭಾರ ಹಾಕಿ ನಿಂತಾಗ ಪಾದದ ಕೆಳಗೆ ಕಾಗದದ ಹಾಳೆ ಸಲೀಸಾಗಿ ಸರಿದಾಡಬೇಕು. ಒಂದೇ ಹಲಗೆಯ ಮೇಲೆ ಪೂರ್ತಿ ಭಾರ ಹಾಕಿದರೆ ಹಾಳೆ ಅಲ್ಲೇ ಸಿಕ್ಕಿಕೊಳ್ಳಬೇಕು. ಹಲಗೆ ಆರಿಸುವ ಹಳೆಯ ಪರೀಕ್ಷೆ ಇದು, ಮತ್ತು ಇದು ಪೂರ್ತಿ ತೂಕದ ಪರೀಕ್ಷೆ. ಭಾರಿ ದೇಹದವರ ಗಡಸು ಹಲಗೆಯನ್ನು ಹಗುರದವಳಿಗೆ ಕೊಟ್ಟರೆ ಅವಳು ಎಷ್ಟು ಒತ್ತಿದರೂ ಹಿಡಿತದ ಭಾಗ ಹಿಮಕ್ಕೆ ತಾಗುವುದಿಲ್ಲ, ಹಿಂದಕ್ಕೆ ಜಾರುತ್ತಾಳೆ.

ಇಳಿಜಾರಿನ ಸ್ಕೀಯಲ್ಲೂ ಇದೇ ನಡೆ. ಕಲಿಕೆಯ ನಡುಹಂತದಲ್ಲಿರುವ ಹಗುರ ಹೆಣ್ಣುಮಗಳು ಗಡಸು ಹಲಗೆಯನ್ನು ಬಾಗಿಸಲಾರಳು, ಬಾಗದ ಹಲಗೆ ತಿರುವು ತೆಗೆದುಕೊಳ್ಳುವುದಿಲ್ಲ. ಎತ್ತರ ನೋಡಿ, ಗದ್ದದಿಂದ ಮೂಗಿನವರೆಗೆ ಬರುವ ಹಲಗೆ ಎಂದು ಕೊಡುವುದು ಅರ್ಧ ಉತ್ತರ. ತೂಕಕ್ಕೆ ತಕ್ಕ ಮೆದು ಹಲಗೆ ಬೇಕು. ಬಿದ್ದಾಗ ಬೂಟನ್ನು ಬಿಡಿಸುವ ಕಟ್ಟಿನ ಬಿಗಿತವನ್ನಂತೂ ಸವಾರರ ತೂಕ ಕೇಳದೆ ಕೂಡಿಸುವಂತೆಯೇ ಇಲ್ಲ. ಹೆಂಗಸರ ಸ್ಕೀ ಎಂದು ಮೊದಮೊದಲು ಬಂದದ್ದು ಗಂಡಸರ ಹಲಗೆಯನ್ನೇ ಗಿಡ್ಡ ಮಾಡಿ ಬಣ್ಣ ಬದಲಿಸಿದ್ದು. ಅಮೆರಿಕದ ಜೀನೀ ಥೋರೆನ್ ಕಟ್ಟನ್ನು ಹಲಗೆಯ ಮೇಲೆ ಸ್ವಲ್ಪ ಮುಂದಕ್ಕೆ ಕೂಡಿಸಿದರೆ ಹೆಣ್ಣಿನ ದೇಹದ ಸಮತೋಲಕ್ಕೆ ಹೊಂದುತ್ತದೆ ಎಂದು ದಶಕಗಳ ಕಾಲ ವಾದಿಸಿ, ತಯಾರಕರು ಹೆಣ್ಣಿನ ಮೈಕಟ್ಟನ್ನು ಗಮನಿಸುವಂತೆ ಮಾಡಿದರು.

ಸೈಕಲ್ ಲೋಕದಲ್ಲಿ ಅಂಥ ಕೆಲಸ ಮಾಡಿದವರು ಅಮೆರಿಕದ ಜಾರ್ಜೀನಾ ಟೆರಿ. 1985ರಲ್ಲಿ ಕಂಪನಿ ಕಟ್ಟಿ, ಕುಳ್ಳಗಿನ ಹೆಂಗಸರಿಗಾಗಿ ಮುಂದಿನ ಗಾಲಿಯನ್ನು ಚಿಕ್ಕದು ಮಾಡಿದ ಸೈಕಲ್ ಮಾರಿದರು. 2008ರಲ್ಲಿ ಜೈಂಟ್ ಕಂಪನಿ ಹೆಂಗಸರಿಗೆಂದೇ ಲಿವ್ ಎಂಬ ಬ್ರ್ಯಾಂಡ್ ತಂದಿತು. 2019ರಲ್ಲಿ ಸ್ಪೆಷಲೈಸ್ಡ್ ಕಂಪನಿ ಬೇರೆ ದಾರಿ ಹಿಡಿಯಿತು: ಸಾವಿರಾರು ಸವಾರರ ಅಳತೆಗಳನ್ನು ನೋಡಿ, ಹೆಣ್ಣು ಗಂಡಿನ ನಡುವಿನ ಅಂತರಕ್ಕಿಂತ ವ್ಯಕ್ತಿ ವ್ಯಕ್ತಿಗಳ ನಡುವಿನ ಅಂತರ ದೊಡ್ಡದು ಎಂದು ಹೇಳಿ, ಪ್ರತ್ಯೇಕ ಲೇಡೀಸ್ ಫ್ರೇಮು ಮಾಡುವುದನ್ನು ಬಿಟ್ಟಿತು. ನನ್ನ ಒಲವು ಈ ಎರಡನೆಯ ದಾರಿಯ ಕಡೆಗೆ. ನಮ್ಮ ವರ್ಗಗಳಲ್ಲಿ 32 ಕಿಲೊದ ಹುಡುಗನೂ ಇದ್ದಾನೆ, ದಂಡಿ ಇರುವ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ತುಳಿಯುತ್ತ ಅವನೂ ಕಷ್ಟಪಡುತ್ತಾನೆ. ಹಾಗಿದ್ದರೂ ಸೀಟಿನ ಅಗಲ ಮತ್ತು ಆಕಾರದಲ್ಲಿ ಹೆಣ್ಣಿನ ಅಗತ್ಯ ಬೇರೆ ಎಂಬುದನ್ನು ಬಿಡುವಂತಿಲ್ಲ.

ಪಂದ್ಯದ ಮಟ್ಟಕ್ಕೆ ಹೋದರೂ ಹಗುರದವರಿಗೆ ಅನ್ಯಾಯ ತಪ್ಪಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ಪಂದ್ಯದ ಸೈಕಲ್ 6.8 ಕಿಲೊಗಿಂತ ಕಡಿಮೆ ಇರಬಾರದೆಂದು ನಿಯಮ ಮಾಡಿದೆ. 75 ಕಿಲೊದ ಗಂಡಸಿಗೆ ಅದು ತನ್ನ ತೂಕದ ಶೇಕಡಾ 9, 45 ಕಿಲೊದ ಹುಡುಗಿಗೆ ಶೇಕಡಾ 15. ನಿಯಮ ಎಲ್ಲರಿಗೂ ಒಂದೇ, ಹೊರೆ ಒಂದೇ ಅಲ್ಲ.

ಕ್ರೀಡಾ ನಿಲಯದ ಆಯ್ಕೆಗೆ ಹಳ್ಳಿಯ ಹುಡುಗಿಯರನ್ನು ಪರೀಕ್ಷಿಸುವ ತರಬೇತುದಾರರಲ್ಲಿ ನನ್ನದೊಂದು ವಿನಂತಿ: ಮನೆಯ ಸೈಕಲ್ಲಿನ ಮೇಲೆ ಅವಳು ತೋರಿಸಿದ ವೇಗದಿಂದ ಅವಳನ್ನು ಅಳೆಯಬೇಡಿ. ಅವಳ ಅಳತೆಯ ಸೈಕಲ್ ಕೊಟ್ಟು, ಸೀಟು ಸರಿಮಾಡಿ, ಆಮೇಲೆ ಗಡಿಯಾರ ಹಿಡಿಯಿರಿ. ಸರ್ಕಾರ ಯೋಜನೆಯನ್ನು ಮತ್ತೆ ತಂದರೆ ಕನಿಷ್ಠ ಎರಡು ಅಳತೆಯ ಫ್ರೇಮು ಕೊಡಲಿ, ಚಿಕ್ಕ ಅಳತೆಯದಕ್ಕೆ 22 ಹಲ್ಲಿನ ಫ್ರೀವೀಲ್ ಇರಲಿ. ಮುಖ್ಯ ಶಿಕ್ಷಕರು ಮಕ್ಕಳ ಎತ್ತರ, ತೂಕ ಬರೆದಿಡುವ ಆರೋಗ್ಯ ತಪಾಸಣೆಯ ಪಟ್ಟಿಯನ್ನೇ ಬೇಡಿಕೆಯ ಜೊತೆ ಕಳಿಸಬಹುದು. ಮನೆಯವರಿಗೆ ಹೇಳುವುದು ಇಷ್ಟೇ: ಸೈಕಲ್ ತರಲು ಟಿಕೋಟಾಕ್ಕೋ ವಿಜಯಪುರಕ್ಕೋ ಹೊರಟಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳೇ ಹತ್ತಿ ತುಳಿದು ನೋಡಲಿ, ಒಪ್ಪಿಗೆಯ ಮಾತು ಅವಳದ್ದೇ ಇರಲಿ.