ಅಂಗೈ ಮೇಲಿನ ಆಟ

ಮಳೆ ಹಿಡಿದರೆ ನಮ್ಮ ಹೊನ್ನಾವರ, ಕುಮಟಾ ಕಡೆ ಯಕ್ಷಗಾನ ಬಯಲಾಟಕ್ಕೆ ಬಿಡುವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆಯಿದು. ಭಾಗವತಿಕೆ ಕೇಳದೆ ನಾಲ್ಕು ತಿಂಗಳು ಕಳೆಯುವುದು ಸುಲಭವಲ್ಲ. ಆ ಕೊರತೆ ತುಂಬುವುದು ತೆಂಗಿನಕಾಯಿ ಗಾತ್ರದ ಬ್ಲೂಟೂತ್ ಸ್ಪೀಕರ್. ಕರೆಂಟು ಹೋದರೂ ಬ್ಯಾಟರಿಯಿದೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದರೂ ಜಗಲಿಯಲ್ಲಿ ಕಡತೋಕಾ ಮಂಜುನಾಥ ಭಾಗವತರ ಪದ ಸ್ಪಷ್ಟವಾಗಿ ಕೇಳುತ್ತದೆ.

ಚೆಂಡೆಯ ಏರುದನಿಗೆ ಈ ಪುಟ್ಟ ಪೆಟ್ಟಿಗೆ ಸಾಕು. ಮದ್ದಲೆಯ ತಗ್ಗುದನಿಗೆ ಹೆಚ್ಚು ಗಾಳಿ ಕದಲಬೇಕು. ಅದಕ್ಕೇ ಹಲವು ಸ್ಪೀಕರುಗಳ ಎರಡು ತುದಿಯಲ್ಲಿ ತಂತಿಯಿಲ್ಲದ ರಬ್ಬರಿನ ಪೊರೆ ಇರುತ್ತದೆ. ಒಳಗಿನ ಗಾಳಿಯ ಒತ್ತಡಕ್ಕೆ ಅದು ಮಿಡಿಯುವುದು ಬೆರಳಿಟ್ಟರೆ ಗೊತ್ತಾಗುತ್ತದೆ. ಎಂಥ ಜಾಣ ಕೆಲಸ! ಗೋಡೆಗೆ ಒತ್ತಿ ಇಟ್ಟರೆ ಮದ್ದಲೆ ಇನ್ನಷ್ಟು ತುಂಬಿ ಬರುತ್ತದೆ. ಫೋನನ್ನು ಮಾತ್ರ ಚಿರೇಕಲ್ಲಿನ ದಪ್ಪ ಗೋಡೆಯಾಚೆ ಒಯ್ಯಬೇಡಿ, ಪದ ತುಂಡಾಗುತ್ತದೆ.

ಪ್ರವಾಸಕ್ಕೂ ಇದು ಒಳ್ಳೆಯ ಜೊತೆ. ಆದರೆ ಭಟ್ಕಳದಿಂದ ಕುಮಟೆಗೆ ರೈಲಿನಲ್ಲಿ ಹೋಗುವಾಗ ಚೀಲದೊಳಗೇ ಇರಲಿ. ಶರಾವತಿ ಸೇತುವೆ ದಾಟುವಾಗ ಹೊರಗೆ ನೋಡುವವರ ನೆಮ್ಮದಿ ದೊಡ್ಡದು.

ಕಡಲತೀರದಲ್ಲಿ ಎಚ್ಚರವಿರಲಿ. ನೀರು ತಡೆಯುವ ಮಟ್ಟ ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದಷ್ಟೇ. ಉಪ್ಪುನೀರಿಗೆ ಆ ಭರವಸೆಯಿಲ್ಲ. ನೀರು ತಡೆಯುವ ಸ್ಪೀಕರಾದರೆ ಮನೆಗೆ ಬಂದೊಡನೆ ಸಿಹಿನೀರಲ್ಲಿ ತೊಳೆಯಿರಿ, ಪೂರ್ತಿ ಒಣಗಿದ ಮೇಲೇ ಚಾರ್ಜಿಗೆ ಹಾಕಿ.